ಅರ್ಕಾವೊತ್ತು ಮತ್ತು ಇತರ ನಾಯಿಗಳು

ಅಮರಕೋಶವನ್ನು ಅರ್ಥಕ್ಕಾಗಿ ತೆರೆದು ನೋಡುವವರು ಈಗಲೂ ಅಲ್ಲಲ್ಲಿ ಉಂಟು; ನಾವಾದರೋ ಅದನ್ನು, ಸಂಜೆಯ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಸಾಲಾಗಿ ಕುಳಿತು, ಅಜ್ಜನು ಹೇಳಿದುದನ್ನು ಹೇಳಿದಂತೆಯೇ ಕೂಗಿ, ಅರ್ಥದ ಗೊಡವೆಯಿಲ್ಲದೆ ಗಂಟಲಿಗೆ ಇಳಿಸಿಕೊಂಡವರು. ಹಾಗೆ ಕಲಿತ ವಿದ್ಯೆಗೆ ಒಂದು ವಿಲಕ್ಷಣವಾದ ಗುಣವಿದೆ: ಕಲಿತ ಕಾಲದಲ್ಲಿ ಅದು ಬರಿಯ ಸದ್ದಾಗಿರುತ್ತದೆ; ಎಷ್ಟೋ ವರ್ಷಗಳು ಕಳೆದ ತರುವಾಯ, ಬಸ್ಸಿಗೆ ಕಾಯುತ್ತಿರುವಾಗಲೋ ಕ್ಷೌರಕ್ಕೆ ತಲೆಯೊಡ್ಡಿ ಕುಳಿತಿರುವಾಗಲೋ, ಕರೆಯದೆಯೇ ಅರ್ಥವು ಬಂದು ಎದುರಿಗೆ ನಿಲ್ಲುತ್ತದೆ. ಅಮರಸಿಂಹನು ಯಾವ ಯಾವ ಪ್ರಾಣಿಯನ್ನು ಎಲ್ಲೆಲ್ಲಿ ಕಟ್ಟಿಹಾಕಿದ್ದಾನೆಂಬುದು ನನಗೆ ಹೊಳೆದುದು ಹೀಗೆಯೇ. ಸಿಂಹ, ಹುಲಿ, ಕೋತಿ, ಬೆಕ್ಕು, ಇಲಿಗಳಿಗೆ ಅವನು ಸಿಂಹಾದಿವರ್ಗವೆಂದು ಬೇರೊಂದು ಆಸ್ಥಾನವನ್ನೇ ಕಟ್ಟಿಕೊಟ್ಟಿದ್ದಾನೆ; ಆನೆ ಕುದುರೆಗಳು ಅರಸನ ಬಳಿ ಕ್ಷತ್ರಿಯವರ್ಗದಲ್ಲಿವೆ; ಹಸು ಎತ್ತುಗಳು ವೈಶ್ಯವರ್ಗದಲ್ಲಿ ಮೇಯುತ್ತಿವೆ; ನಾಯಿಯಾದರೋ ಶೂದ್ರವರ್ಗದಲ್ಲಿ, ಬೇಡನ ಹೆಸರುಗಳು ಮುಗಿದೊಡನೆ, ಊರಹಂದಿಯ ನೆರೆಯಲ್ಲಿ ಬಂದು ಮಲಗಿದೆ. ಕೌಲೇಯಕ, ಸಾರಮೇಯ, ಕುಕ್ಕುರ, ಮೃಗದಂಶಕ, ಶುನಕ, ಭಷಕ, ಶ್ವಾನ ಎಂದು ಪರ್ಯಾಯಪದಗಳಿಗೇನೋ ಕೊರತೆಯಿಲ್ಲ. ಹುಚ್ಚುಹಿಡಿದುದಕ್ಕೆ ಅಲರ್ಕವೆಂದೂ ಬೇಟೆಯಲ್ಲಿ ನುರಿತುದಕ್ಕೆ ವಿಶ್ವಕದ್ರುವೆಂದೂ ಬೇರೆ ಬೇರೆ ನಾಮಗಳುಂಟು. ಇಲಿಯು ಸಿಂಹದೊಡನೆ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳಬಹುದಾದರೆ ನಾಯಿಯೇಕೆ ಕುಳಿತುಕೊಳ್ಳಬಾರದು ಎಂಬ ಪ್ರಶ್ನೆಗೆ ನಿಘಂಟುಕಾರನು ಉತ್ತರ ಹೇಳುವುದಿಲ್ಲ; ಯಾರ ಮನೆಯ ಬಾಗಿಲಲ್ಲಿ ಅದು ಇರುತ್ತಿದ್ದಿತೋ ಅವರ ವರ್ಗಕ್ಕೆ ಅದನ್ನು ಸೇರಿಸಿ, ಅವರಿಗೆ ಸಂದ ತಾತ್ಸಾರದಲ್ಲಿ ಅದಕ್ಕೂ ಒಂದು ಪಾಲು ಕೊಟ್ಟು, ಮುಂದಿನ ಶಬ್ದಕ್ಕೆ ಹೊರಟುಹೋಗುತ್ತಾನೆ.

ಹೇಮಾವತಿಯ ದಡದ ನಮ್ಮ ಮನೆಯಲ್ಲಿ ಆಗ ಒಂದು ಕರಿಯ ನಾಯಿಯಿದ್ದಿತು. ನಮ್ಮ ಮನೆಯಲ್ಲಿ ಎಂದುದು ಮಾತಿನ ವಾಡಿಕೆಗಷ್ಟೆ. ಅದು ಹೊಸ್ತಿಲನ್ನು ದಾಟಿ ಒಳಕ್ಕೆ ಬಂದುದನ್ನು ಕಂಡವರಿಲ್ಲ. ಜಗಲಿಯ ಕೆಳಗಿನ ಮೆಟ್ಟಿಲು ಅದರ ಮೇರೆ. ಆ ಮೇರೆಯನ್ನು ಅದಕ್ಕೆ ಯಾರು ಕಲಿಸಿದರೋ ತಿಳಿಯದು, ಆದರೆ ನಮಗೆ ಮಡಿಮೈಲಿಗೆಯ ನಿಯಮಗಳನ್ನು ಕಲಿಸಲು ಅಜ್ಜಿ ಪಟ್ಟ ಶ್ರಮದ ಅರ್ಧವನ್ನೂ ಅದಕ್ಕಾಗಿ ಪಡಲಿಲ್ಲವೆಂದು ಬಲ್ಲೆ. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಅಜ್ಜಿ ಮಜ್ಜಿಗೆಯಲ್ಲಿ ಕಲಸಿದ ಅನ್ನದ ಮುದ್ದೆಯನ್ನು ಮೊಳಕೈಯೆತ್ತರದಿಂದ, ಬೆರಳಿಗೂ ನಾಯಿಯ ಉಸಿರಿಗೂ ಸಂಬಂಧವಾಗದಂತೆ, ಹಿತ್ತಿಲ ಕಲ್ಲಿನ ಗುಳಿಗೆ ಬೀಳಿಸುತ್ತಿದ್ದಳು. ಒಂದು ದಿನವೂ ಗುರಿ ತಪ್ಪಿದುದಿಲ್ಲ. ಅದಕ್ಕೆ ಕರಿಯ ಎಂಬುದಕ್ಕಿಂತ ಹೆಚ್ಚಿನ ಹೆಸರಿರಲಿಲ್ಲ. ಅದಕ್ಕೆ ಮುಂಚೆ ಇದ್ದುದೂ ಕರಿಯನೇ, ಆಮೇಲೆ ಬಂದುದು ಬಣ್ಣದಲ್ಲಿ ಕೆಂಪಾಗಿದ್ದರೂ ಕೆಲವು ಕಾಲ ಕರಿಯನೆಂದೇ ಕರೆಯಿಸಿಕೊಂಡಿತು. ಹಸುಗಳಿಗೆ ಗೌರಿ, ಕಪಿಲೆ, ತುಂಗೆಯೆಂದು ನಾಮಕರಣ ಮಾಡುವುದರಲ್ಲಿ ಅಷ್ಟೊಂದು ಉತ್ಸಾಹವಿದ್ದ ಮನೆಯಲ್ಲಿ ನಾಯಿಗೆ ಬಣ್ಣವೇ ಸಾಕೆಂದು ತೋರಿದುದು ಏಕೆಂದು ಆಗ ನಾನು ಕೇಳಲಿಲ್ಲ. ಕೇಳಿದ್ದರೆ ಅಜ್ಜನು, ನಾಯಿಗೇನು ಉಪನಯನವಾಗಬೇಕೇ ಎಂದು ಬಿಡುತ್ತಿದ್ದನು.

ಅಜ್ಜನ ಮಿತ್ರರಾದ ಒಬ್ಬ ವೈಯಾಕರಣರು ಏಕಾದಶಿಯ ಮರುದಿನ ಪಾರಣೆಗೆ ನಮ್ಮಲ್ಲಿಗೆ ಬರುವುದು ರೂಢಿಯಾಗಿದ್ದಿತು. ಊಟಕ್ಕೆ ಮುಂಚೆ ಹಸಿವಿನ ಹೊತ್ತಿನಲ್ಲಿಯೂ ವಿನೋದವನ್ನು ಬಿಡದ ಮನುಷ್ಯರು. ಪಾಣಿನಿಯು ಒಂದೇ ಸೂತ್ರದಲ್ಲಿ ನಾಯಿಯನ್ನೂ ತರುಣನನ್ನೂ ದೇವೇಂದ್ರನನ್ನೂ ಒಟ್ಟಿಗೆ ಕಟ್ಟಿದ್ದಾನೆ, ಮೂರು ಶಬ್ದಗಳೂ ವಿಭಕ್ತಿಯಲ್ಲಿ ಒಂದೇ ರೀತಿ ಮಾರ್ಪಡುತ್ತವೆಯೆಂಬುದೇ ಕಾರಣ. ಹೀಗಿರುವಾಗ ಗಾಜಿನ ಮಣಿ, ರತ್ನ, ಚಿನ್ನದ ಗುಂಡುಗಳನ್ನು ಒಂದೇ ದಾರದಲ್ಲಿ ಪೋಣಿಸಿದ ಹುಡುಗಿಯನ್ನು ಯಾರು ಬೈಯಬೇಕು ಎಂಬ ಹಳೆಯ ಚಮತ್ಕಾರವನ್ನು ಅವರಿಂದಲೇ ನಾನು ಮೊದಲು ಕೇಳಿದುದು. ಹೇಳಿ, ಜಗಲಿಯಿಂದ ಕೆಳಗೆ ಬಗ್ಗಿ, ಕರಿಯನನ್ನು ನೋಡಿ, ಏನಯ್ಯಾ ಮಘವನೇ ಎನ್ನುವರು. ವ್ಯಾಕರಣದಲ್ಲಿ ನಾಯಿಗೂ ಇಂದ್ರನಿಗೂ ಸಮಾನ ಸ್ಕಂಧವೆಂಬುದು ನನ್ನ ಬಾಲ್ಯದ ಬುದ್ಧಿಗೆ ಬಹಳ ರುಚಿಸಿತು. ನಿಘಂಟು ಕುಲಗೋತ್ರವನ್ನು ಕೇಳಿ ಮಣೆ ಹಾಕುತ್ತದೆ, ವ್ಯಾಕರಣಕ್ಕೆ ಪ್ರತ್ಯಯವೊಂದು ಸರಿಯಾಗಿ ಅಂಟಿದರೆ ಸಾಕು. ಇವತ್ತಿಗೂ ನನ್ನ ಒಲವು ವ್ಯಾಕರಣದ ಕಡೆಗೇ ಹೆಚ್ಚು.

ಚಾತುರ್ಮಾಸ್ಯದಲ್ಲಿ ಅದೇ ಜಗಲಿಯಲ್ಲಿ ಭಾರತವಾಚನ ನಡೆಯುತ್ತಿದ್ದಿತು. ಕುಮಾರವ್ಯಾಸನ ಭಾಮಿನಿಯನ್ನು ಅಜ್ಜನು ರಾಗವಾಗಿ ಓದುವನು, ಶಾನುಭೋಗರು ಅರ್ಥ ಹೇಳುವರು, ಊರಿನ ಒಕ್ಕಲುಮಕ್ಕಳು ಅಂಗಳದಲ್ಲಿ ಗೋಣಿಯ ಮೇಲೆ ಕುಳಿತು ಕೇಳುವರು, ಅವರ ಹಿಂದೆ ಅವರವರ ನಾಯಿಗಳು. ಆ ಓದು ಗದಾಪರ್ವಕ್ಕೆ ಮುಗಿಯುತ್ತಿದ್ದಿತು, ಏಕೆಂದರೆ ಗದುಗಿನ ನಾರಣಪ್ಪನು ಬರೆದುದು ಹತ್ತು ಪರ್ವಗಳನ್ನು ಮಾತ್ರ. ಮಿಕ್ಕುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದನಾದರೂ ನಮ್ಮ ಊರಿನಲ್ಲಿ ಅದನ್ನು ಓದುವ ಪದ್ಧತಿಯಿರಲಿಲ್ಲ. ದುರ್ಯೋಧನನು ಬಿದ್ದನು, ಮಂಗಳಾರತಿಯಾಯಿತು, ಕೋಸಂಬರಿ ಹಂಚಿದರು, ಎಲ್ಲರೂ ಎದ್ದು ಹೋದರು. ಆದಕಾರಣ ಪಾಂಡವರು ಹಿಮಾಲಯಕ್ಕೆ ನಡೆದರೆಂಬುದೂ, ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದುಹೋದ ಮೇಲೆ ಕಡೆಯವರೆಗೆ ಧರ್ಮರಾಯನ ಹಿಂದೆ ನಡೆದುದು ಒಂದು ನಾಯಿಯೆಂಬುದೂ ನನಗೆ ತಿಳಿದುದು ಬಹಳ ತಡವಾಗಿ, 1950ರಲ್ಲಿ ಹೊರಬಂದ ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ವು ನಮ್ಮ ಪ್ರೌಢಶಾಲೆಯ ಬೀರುವಿಗೆ ಬಂದ ಮೇಲೆ. ಇಂದ್ರನು ರಥ ತಂದು ನಿಲ್ಲಿಸಿ, ನಾಯಿಯನ್ನು ಬಿಟ್ಟು ಹತ್ತು ಎಂದರೆ, ನಂಬಿ ಬಂದುದನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದು ಆ ಮುದುಕನು ಹಟ ಹಿಡಿದುದನ್ನು ಓದಿದಾಗ, ಜಗಲಿಯ ಓದನ್ನು ಅಷ್ಟು ಬೇಗ ನಿಲ್ಲಿಸಿಬಿಟ್ಟ ಹಿರಿಯರ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದಿತು. ಅಂಗಳದ ಹಿಂದಿನ ಸಾಲಿನಲ್ಲಿ ಮಳೆಗಾಲವೆಲ್ಲ ಕುಳಿತಿದ್ದ ಶ್ರೋತೃಗಳಿಗೆ ಅವರ ಪಾಲಿನ ಕಥೆಯನ್ನೇ ಹೇಳಲಿಲ್ಲವಲ್ಲ! ವ್ಯಾಸರ ಮೂಲದಲ್ಲಿ ಅವುಗಳ ಪಾಲು ಇಷ್ಟೇ ಅಲ್ಲ. ಆದಿಪರ್ವದ ಆರಂಭದಲ್ಲಿಯೇ ಜನಮೇಜಯನ ತಮ್ಮಂದಿರು ಯಜ್ಞಶಾಲೆಗೆ ಬಂದ ಒಂದು ನಾಯಿಮರಿಯನ್ನು ಹೊಡೆದು ಅಟ್ಟುತ್ತಾರೆ. ಹವಿಸ್ಸನ್ನು ನೆಕ್ಕದೆ, ಅದರ ಕಡೆ ನೋಡದೆ ಇದ್ದ ನನ್ನ ಮಗನನ್ನು ಏಕೆ ಹೊಡೆದಿರೆಂದು ಅದರ ತಾಯಿ ಸರಮೆಯು ಬಂದು ಕೇಳುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಅವಳು ಶಪಿಸಿ ಹೋಗುತ್ತಾಳೆ. ಹೆಬ್ಬಾಗಿಲಲ್ಲಿ ಪೆಟ್ಟು ತಿಂದ ನಾಯಿಗೆ ಕಥೆಯ ಹಿತ್ತಿಲ ಬಾಗಿಲಲ್ಲಿ ನ್ಯಾಯ ದೊರಕಿತೆಂದು ನಾನು ಎಣಿಸಿಕೊಂಡಿದ್ದೇನೆ. ವ್ಯಾಸರು ಹಾಗೆ ಉದ್ದೇಶಿಸಿದ್ದರೋ ಇಲ್ಲವೋ ಪಂಡಿತರು ಹೇಳಲಿ.

ಮೈಸೂರಿನಲ್ಲಿ ಓದು ಮುಗಿಸಿ, ಅಲ್ಲಿಯೇ ಒಂದು ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವ ಕೆಲಸಕ್ಕೆ ಸೇರಿದ ಮೇಲೆ, ಸಂಬಳವು ತಿಂಗಳ ಮೂರನೆಯ ವಾರವನ್ನು ಮುಟ್ಟುವುದಕ್ಕೆ ಮುಂಚೆಯೇ ಆಯಾಸಗೊಂಡು ಕುಳಿತುಬಿಡುತ್ತಿದ್ದುದರಿಂದ, ಸಂಜೆಯ ಹೊತ್ತು ಅಗ್ರಹಾರದ ಬಳಿಯ ಒಂದು ಅಚ್ಚುಕೂಟದಲ್ಲಿ ಕರಡಚ್ಚು ತಿದ್ದುವ ಕೆಲಸವನ್ನು ಹಿಡಿದೆನು. ಈಗಿನವರಿಗೆ ಆ ಕೆಲಸದ ಪರಿಚಯವಿಲ್ಲ. ಉದ್ದನೆಯ ಕತ್ತಲೆಯ ಕೊಠಡಿ. ಗೋಡೆಯುದ್ದಕ್ಕೂ ಓರೆಯಾಗಿ ನಿಲ್ಲಿಸಿದ ಮೊಳೆಯ ಕೇಸುಗಳು. ಕನ್ನಡಕ್ಕೆ ಮೂಲಾಕ್ಷರ, ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಬೇರೆ ಬೇರೆಯಾಗಿ ಬೇಕಾದುದರಿಂದ, ಇಂಗ್ಲಿಷಿನ ಮೊಳೆ ಜೋಡಿಸುವವನು ನಿಂತಲ್ಲೇ ಕೈಯಾಡಿಸಿ ಮುಗಿಸುವ ಕೆಲಸಕ್ಕೆ ನಮ್ಮವನು ಅತ್ತ ಎರಡು ಹೆಜ್ಜೆ ಇತ್ತ ಎರಡು ಹೆಜ್ಜೆ ನಡೆಯಲೇಬೇಕು. ಸಾಲನ್ನು ಕನ್ನಡಿಯೊಳಗಿನ ಬಿಂಬದಂತೆ ತಿರುವುಮುರುವಾಗಿ ಓದುವುದು ಅವರಿಗೆ ಸಹಜವಾಗಿ, ನೇರವಾದ ಪುಟವನ್ನು ಕೊಟ್ಟರೆ ಹಿರಿಯನಾದ ಒಬ್ಬನು ಸ್ವಲ್ಪ ತಡವರಿಸುತ್ತಿದ್ದನು. ಗ್ಯಾಲಿಯಿಂದ ತೆಗೆದ ಒದ್ದೆ ಕಾಗದದ ಮೇಲೆ ನಾನು ಕೆಂಪು ಶಾಯಿಯಿಂದ ಗುರುತು ಹಾಕಬೇಕು; ಎದುರಿಗೆ ಒಬ್ಬ ಹುಡುಗ ಹಸ್ತಪ್ರತಿಯನ್ನು ಹಿಡಿದು, ಅಲ್ಪವಿರಾಮ, ಅರ್ಧವಿರಾಮ, ಉದ್ಧರಣ ಚಿಹ್ನೆ ಸಮೇತ, ಗಟ್ಟಿಯಾಗಿ ಓದಬೇಕು.

ಆ ಅಚ್ಚುಕೂಟದಲ್ಲಿ ಒಂದು ನಾಯಿಯಿದ್ದಿತು. ಬೀದಿಯಿಂದ ತಾನಾಗಿ ಬಂದುದು, ಕಂದುಬಣ್ಣ, ಟ್ರೆಡಲ್ ಯಂತ್ರದ ಕೆಳಗೆ ಮಲಗುವ ಅಭ್ಯಾಸದಿಂದ ಬೆನ್ನ ಮೇಲೆ ಮಸಿಯ ಪಟ್ಟೆಗಳು ಬಿದ್ದು, ಅಪರಿಚಿತರಿಗೆ ಯಾವುದೋ ಹೊಸ ತಳಿಯೆಂಬ ಭ್ರಾಂತಿ ಹುಟ್ಟಿಸುವಂತಿದ್ದಿತು. ಅದರ ಬಾಲವು ಬೆನ್ನ ಮೇಲೆ ಸುತ್ತಿಕೊಂಡು, ತುದಿಯು ಮತ್ತೆ ಹೊರಕ್ಕೆ ಬಾಗಿ, ಕನ್ನಡದ ೯ ಅಂಕಿಯನ್ನು ಹೋಲುತ್ತಿದ್ದುದರಿಂದ ಮೊಳೆ ಜೋಡಿಸುವವರು ಅದಕ್ಕೆ ಅರ್ಕಾವೊತ್ತು ಎಂದು ಹೆಸರಿಟ್ಟಿದ್ದರು. ಲಿಪಿಯಲ್ಲಿ ಆ ಚಿಹ್ನೆಯ ಸ್ವಭಾವವನ್ನು ಬಲ್ಲವರಿಗೆ ಈ ಹೆಸರಿನ ಪೂರ್ಣ ಔಚಿತ್ಯವು ತಿಳಿಯುತ್ತದೆ: ಬರೆಯುವಾಗ ಅಕ್ಷರದ ಬೆನ್ನ ಹಿಂದೆ ಬರುವುದು, ಉಚ್ಚರಿಸುವಾಗ ಅದಕ್ಕಿಂತ ಮುಂದೆ ಹೋಗಿ ನಿಂತಿರುವುದು. ರಾತ್ರಿ ಕೆಲಸ ಮುಗಿಸಿ ನಾನು ಹೊರಟರೆ ನಾಯಿಯು ನನ್ನ ಹಿಂದೆಯೇ ಬರುತ್ತಿದ್ದಿತು. ಮನೆಯ ಬಾಗಿಲಿಗೆ ನಾನು ತಲುಪುವ ಹೊತ್ತಿಗೆ ಅದು ಯಾವ ಸಂದಿಯಿಂದಲೋ ಮುಂಚೆಯೇ ಬಂದು ಕುಳಿತಿರುತ್ತಿದ್ದಿತು. ಅಚ್ಚುಕೂಟದಲ್ಲಿ ಅರ್ಕಾವೊತ್ತಿನ ಮೊಳೆಗಳು ತೀರಿಹೋದಾಗ ಒಂಬತ್ತರ ಅಂಕಿಯ ಮೊಳೆಯನ್ನೇ ಇಟ್ಟು ಕೆಲಸ ಸಾಗಿಸುತ್ತಿದ್ದರೆಂಬ ವೃತ್ತಿರಹಸ್ಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕಣ್ಣು ಚುರುಕಾದ ಓದುಗರು ಹಳೆಯ ಪುಸ್ತಕಗಳಲ್ಲಿ ಕೆಲವು ‘ಸೂರ್ಯ’ರ ಪಕ್ಕದಲ್ಲಿ ಸ್ವಲ್ಪ ದಪ್ಪನಾದ ಒಂಬತ್ತನ್ನು ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ಲಿಪಿಸುಧಾರಣೆಯ ಚರ್ಚೆಗಳು ಆಗ ಬಿರುಸಾಗಿದ್ದು, ಒತ್ತಕ್ಷರಗಳನ್ನೆಲ್ಲ ಕಿತ್ತುಹಾಕಿ ಕನ್ನಡವನ್ನು ಯಂತ್ರಕ್ಕೆ ಒಗ್ಗಿಸಬೇಕೆಂದು ಹೇಳುವವರು ಬಂದಾಗಲೆಲ್ಲ ಆ ಹಿರಿಯ ಜೋಡಣೆಗಾರನು, ನಮ್ಮ ಅರ್ಕಾವೊತ್ತನ್ನು ಮಾತ್ರ ಮುಟ್ಟಬೇಡಿ ಎಂದು ಯಂತ್ರದ ಕೆಳಗೆ ಬೆರಳು ತೋರುತ್ತಿದ್ದನು.

ಹುಡುಗನು ಹಸ್ತಪ್ರತಿಯನ್ನು ಓದುತ್ತಿರುವಷ್ಟು ಹೊತ್ತೂ ನಾಯಿ ನಿದ್ರಿಸುವುದು. ಅಲ್ಪವಿರಾಮಕ್ಕೆ ಅಲುಗದು, ಅರ್ಧವಿರಾಮಕ್ಕೆ ಕಿವಿಯನ್ನು ಮಾತ್ರ ನಿಮಿರಿಸುವುದು. ಪೂರ್ಣವಿರಾಮವೆಂಬ ಶಬ್ದದ ಹಿಂದೆ ಹಾಳೆ ಮಗುಚುವ ಸದ್ದು ಬಾರದೆ ಹೋಯಿತೆಂದರೆ ಥಟ್ಟನೆ ಎದ್ದು ಮೈಕೊಡವುವುದು, ಏಕೆಂದರೆ ಆಗ ನಾವು ಬೀದಿಯ ಕೊನೆಯ ಹೋಟೆಲಿಗೆ ಹೋಗುವ ಸಮಯ, ಅಲ್ಲಿ ಅದಕ್ಕೆ ಒಂದು ಬನ್ನು ಮೀಸಲು. ಕೆಲವು ಗ್ರಂಥಕರ್ತರ ವಾಕ್ಯಗಳು ಎಷ್ಟು ದೀರ್ಘವಾಗಿರುತ್ತಿದ್ದುವೆಂದರೆ ಬಡಪ್ರಾಣಿಯು ಅರ್ಧವಿರಾಮಗಳ ಅಡವಿಯಲ್ಲಿ ಕಿವಿ ನಿಮಿರಿಸಿ ನಿಮಿರಿಸಿ ಸೋತು, ನಿಟ್ಟುಸಿರು ಬಿಟ್ಟು, ಮತ್ತೆ ಮೂತಿಯನ್ನು ಪಾದಗಳ ನಡುವೆ ಇರಿಸುವುದು. ನನ್ನ ವಾಕ್ಯಗಳನ್ನು ಇದಕ್ಕಿಂತ ಉತ್ತಮನಾದ ವಿಮರ್ಶಕನ ಮುಂದೆ ಓದುವ ಅವಕಾಶವು ಮತ್ತೆ ಒದಗಲಿಲ್ಲವಾದುದರಿಂದಲೋ ಏನೋ ಅವು ಇನ್ನೂ ಹೀಗೆಯೇ ಉಳಿದಿವೆ.

ಧರ್ಮಶಾಸ್ತ್ರದ ಮೇಲೆ ದೊಡ್ಡ ಗ್ರಂಥವೊಂದನ್ನು ಅಚ್ಚಿಗೆ ಕೊಟ್ಟಿದ್ದ ವೃದ್ಧ ಶಾಸ್ತ್ರಿಗಳೊಬ್ಬರು ಕರಡು ನೋಡಲು ತಾವೇ ಬರುತ್ತಿದ್ದರು. ಮಡಿವಂತರು, ಮೇಜಿಗೆ ಮೈ ಸೋಕದಂತೆ ಸ್ಟೂಲಿನ ತುದಿಯಲ್ಲಿ ಕುಳಿತುಕೊಳ್ಳುವರು. ಆ ಗ್ರಂಥದಲ್ಲಿ ಸಾಲಿಗೆ ಮೂರು ಸಲ ಧರ್ಮವೂ ಕರ್ಮವೂ ಬರುತ್ತಿದ್ದುದರಿಂದ ಅರ್ಕಾವೊತ್ತಿನ ಮೊಳೆಗಳೂ ಒಂಬತ್ತರ ಮೊಳೆಗಳೂ ಒಟ್ಟಿಗೆ ಮುಗಿದುಹೋಗಿ, ಜೋಡಿಸುವವನು ಆ ಜಾಗಗಳನ್ನು ತತ್ಕಾಲಕ್ಕೆ ಬರಿದಾಗಿ ಬಿಟ್ಟಿದ್ದನು. ಶಾಸ್ತ್ರಿಗಳು ಕನ್ನಡಕವನ್ನು ಸರಿಪಡಿಸಿಕೊಂಡು ಮೊದಲ ಸಾಲನ್ನು ಓದಿದರು. ಅಲ್ಲಿ ಧರ್ಮವು ‘ಧಮ’ವಾಗಿದ್ದಿತು, ಕರ್ಮವು ‘ಕಮ’ವಾಗಿದ್ದಿತು. ಮುಖವು ಕೆಂಪೇರಿತು. “ಧರ್ಮಕ್ಕೆ ಅರ್ಕಾವೊತ್ತು ಎಲ್ಲಿ? ಅರ್ಕಾವೊತ್ತು ಎಲ್ಲಿ ಎನ್ನುತ್ತೇನೆ!” ಎಂದು ಅವರು ಗರ್ಜಿಸಿದುದೇ ತಡ, ಯಂತ್ರದ ಕೆಳಗಿನಿಂದ ಹೆಸರಿನ ಮಾಲಿಕನು ಎದ್ದು, ಬಾಲವನ್ನಾಡಿಸುತ್ತ, ನೇರವಾಗಿ ಅವರ ಪಂಚೆಯ ಬಳಿಗೆ ಬಂದು ನಿಂತನು. ಶಾಸ್ತ್ರಿಗಳು ಎರಡೂ ಕಾಲುಗಳನ್ನು ಸ್ಟೂಲಿನ ಮೇಲಕ್ಕೆ ಎಳೆದುಕೊಂಡರು. “ಬಂದಿದೆ ಸ್ವಾಮಿ, ತಾವೇ ಕರೆದಿರಲ್ಲ” ಎಂದನು ಹಿರಿಯ ಜೋಡಣೆಗಾರ, ಮೊಳೆಯಿಂದ ಕಣ್ಣೆತ್ತದೆ. ಕೆಲವು ಕ್ಷಣ ಯಾರಿಗೂ ಉಸಿರಿರಲಿಲ್ಲ. ಆಮೇಲೆ ಶಾಸ್ತ್ರಿಗಳ ಹೊಟ್ಟೆ ಮೊದಲು ಕುಲುಕಾಡಿತು, ತರುವಾಯ ಭುಜಗಳು, ಕೊನೆಗೆ ನಗು ಬಾಯಿಗೆ ಬಂದಿತು. “ಧರ್ಮವೇ ನಾಯಿಯಾಗಿ ಬಂದಿತೆಂದು ವ್ಯಾಸರು ಬರೆದಿರುವಾಗ ಬರಿಯ ಅರ್ಕಾವೊತ್ತು ನಾಯಿಯಾಗಿ ಬಂದರೆ ಬೇಡವೆನ್ನಲು ನಾನಾರು?” ಎಂದರು. ಆದರೂ ಮನೆಗೆ ಹೋಗಿ ಸ್ನಾನ ಮಾಡಿದರೆಂದೇ ನನ್ನ ನಂಬಿಕೆ. ಪುಸ್ತಕವು ಹೊರಬಂದ ದಿನ ಅವರು ನಮಗೆಲ್ಲ ಮೈಸೂರು ಪಾಕು ತಂದುದು ಸರಿಯೆ. ಅದರಲ್ಲಿ ಒಂದು ತುಂಡನ್ನು ಎಲೆಯಲ್ಲಿ ಬೇರೆಯಾಗಿ ಕಟ್ಟಿಸಿ ತಂದಿದ್ದರು.

ಕರಡು ತಿದ್ದುವ ಕೆಲಸವು ಮನುಷ್ಯನನ್ನು ನಿಘಂಟಿನ ದಾಸನನ್ನಾಗಿ ಮಾಡುತ್ತದೆ. ರೆವರೆಂಡ್ ಕಿಟ್ಟೆಲರ ನಿಘಂಟನ್ನು, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು 1894ರಲ್ಲಿ ಅಚ್ಚುಹಾಕಿದ ಆ ಮಹಾಗ್ರಂಥವನ್ನು, ಒಂದು ಶಬ್ದಕ್ಕಾಗಿ ತೆರೆದು ಹತ್ತು ಶಬ್ದಗಳಲ್ಲಿ ಕಳೆದುಹೋದ ಸಂಜೆಗಳು ನನಗೆ ಬಹಳ. ಜರ್ಮನಿಯಿಂದ ಬಂದ ಆ ಪಾದ್ರಿಯು ಕಾವ್ಯಗಳಿಂದ ಹೇಗೋ ಹಾಗೆಯೇ ಜನರ ಗಾದೆಗಳಿಂದಲೂ ಧಾರಾಳವಾಗಿ ಉದಾಹರಣೆಗಳನ್ನು ಎತ್ತಿಕೊಂಡಿದ್ದಾನೆ. ಗಾದೆಗಳ ಲೋಕಕ್ಕೆ ಬಂದರೆ ನಾಯಿಯ ಪಾಡು ಅಮರಕೋಶದಲ್ಲಿಗಿಂತಲೂ ಕಷ್ಟ. ಅದರ ಬಾಲ ಡೊಂಕು. ಅದಕ್ಕೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ. ಅದು ಬೊಗಳಿದರೆ ದೇವಲೋಕ ಹಾಳಾಗದು. ಹಸಿದರೆ ಹಳಸಿದ ಅನ್ನ. ಸಿಟ್ಟು ಬಂದ ಕನ್ನಡಿಗನ ಬಾಯಲ್ಲಿ ಅದರ ಹೆಸರೇ ಒಂದು ಬೈಗುಳ. ಈ ಗಾದೆಗಳನ್ನು ಕಟ್ಟಿದವರಾದರೂ ಯಾರು? ರಾತ್ರಿಯೆಲ್ಲ ಕಣದಲ್ಲಿ ರಾಶಿಯನ್ನು ಕಾಯಲು ಅದನ್ನು ನಂಬಿ ಮಲಗಿದವರು, ಕುರಿಯ ಹಿಂಡನ್ನು ಅದರ ಮೇಲೆ ಬಿಟ್ಟು ಸಂತೆಗೆ ಹೋದವರು. ಮೈಲಾರಲಿಂಗನ ಗೊರವರು ದೋಣಿಯಲ್ಲಿ ಹಾಲುಬಾಳೆಹಣ್ಣನ್ನು ಇಟ್ಟುಕೊಂಡು, ನಾಯಿಗಳಂತೆ ಬೊಗಳುತ್ತ ಬಾಯಿಹಾಕಿ ತಿಂದು ದೇವರ ಸೇವೆ ಮಾಡುವುದನ್ನು ನಾನು ಕಂಡಿದ್ದೇನೆ. ಕಾಲಭೈರವನಿಗೆ ಅದೇ ವಾಹನ. ದತ್ತಾತ್ರೇಯನ ಕಾಲ ಬಳಿ ನಾಲ್ಕು ನಾಯಿಗಳು ನಾಲ್ಕು ವೇದಗಳೆಂದು ಹೇಳಿಸಿಕೊಂಡು ಕುಳಿತಿವೆ. ಬಾಳಿನಲ್ಲಿ ಪಕ್ಕದಲ್ಲಿ, ಪೂಜೆಯಲ್ಲಿ ಪಾದದಲ್ಲಿ, ಮಾತಿನಲ್ಲಿ ಮಾತ್ರ ಬಾಗಿಲಾಚೆ: ಇದು ನಮ್ಮ ಭಾಷೆ ನಾಯಿಗೆ ಮಾಡಿದ ಏರ್ಪಾಟು.

ಹೀಗೆಂದು ನಿಶ್ಚಯಮಾಡಿಕೊಂಡಿದ್ದ ನನ್ನನ್ನು ಬೆಂಗಳೂರಿನ ವಸ್ತುಸಂಗ್ರಹಾಲಯದ ಒಂದು ಕಲ್ಲು ತಡೆದು ನಿಲ್ಲಿಸಿತು. ಕಬ್ಬನ್ ಪಾರ್ಕಿನ ಅಂಚಿನ ಆ ಕೆಂಪು ಕಟ್ಟಡಕ್ಕೆ ನಾನು ಹೋದುದು ಬೇರೆ ಯಾವುದೋ ಕೆಲಸದ ನಡುವೆ ಹೊತ್ತು ಕಳೆಯಲು. ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ವೀರಗಲ್ಲು ಅಲ್ಲಿದೆ. ಶಕವರ್ಷ 872ರದು, ನಮ್ಮ ಲೆಕ್ಕಕ್ಕೆ ಕ್ರಿ. ಶ. 949–50. ಶಾಸನವನ್ನು ಪುಸ್ತಕದಲ್ಲಿ ಓದಿದ್ದೆನು, ಪಾಠವನ್ನೂ ಹೇಳಿದ್ದೆನು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗರ ಇಮ್ಮಡಿ ಬೂತುಗನು ಚೋಳ ರಾಜಕುಮಾರನಾದ ರಾಜಾದಿತ್ಯನನ್ನು ಕೊಂದುದು, ಅದಕ್ಕಾಗಿ ಬನವಾಸಿ,
ಬೆಳ್ವೊಲಗಳಂಥ ನಾಡುಗಳನ್ನು ಪಡೆದುದು, ಇವೆಲ್ಲಕ್ಕೂ ಚರಿತ್ರಕಾರರು ಆ ಕಲ್ಲಿನ ಬಳಿಗೇ ಹೋಗಬೇಕು. ಆದರೆ ಪುಸ್ತಕದಲ್ಲಿ ಸಾಲುಗಳಷ್ಟೇ ಇರುತ್ತವೆ. ಕಲ್ಲಿನ ಎದುರಿಗೆ ನಿಂತಾಗ ಕಣ್ಣಿಗೆ ಬೀಳುವುದು ರಾಜರಲ್ಲ. ಹಳಗನ್ನಡ ಅಕ್ಷರಗಳ ನಡುವೆ, ಒಂದರ ಮೇಲೊಂದು ಬಿದ್ದು ಹೋರಾಡುತ್ತಿರುವ ಒಂದು ಹಂದಿ ಮತ್ತು ಒಂದು ನಾಯಿ.

ಆ ನಾಯಿಗೆ ಹೆಸರಿದೆ. ಅದು ಕಾಳಿ. ಬೂತುಗನ ಮೆಚ್ಚಿನ ಬೇಟೆನಾಯಿ ಅದು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ತನ್ನ ಭಟನಿಗೆ ಒಡೆಯನು, ಬೇಕಾದುದನ್ನು ಬೇಡಿಕೊ ಎಂದನು. ಊರು, ಹೊನ್ನು, ಪದವಿ, ಯಾವುದನ್ನಾದರೂ ಬೇಡಬಹುದಾಗಿದ್ದ ಆ ಗಳಿಗೆಯಲ್ಲಿ ಮಣಲೆರನು, ಕಾಳಿಯನ್ನು ಕೊಡಬೇಕೆಂದು ಬೇಡಿದನು. ಕೊಟ್ಟನು. ಅನಂತರ ಕೆಲಲೆ ನಾಡಿನಲ್ಲಿ, ಬೆಳತೂರಿನ ಬೆಟ್ಟದ ಬಳಿ, ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಡಲಾಗಿ, ಎರಡೂ ಕಾದಿ ಎರಡೂ ಸತ್ತುವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಆ ನಾಯಿಗೆ ಕಲ್ಲು ನಿಲ್ಲಿಸಿದರು, ಭೂಮಿಯನ್ನು ದತ್ತಿ ಬಿಟ್ಟರು, ಅಲ್ಲಿನ ಗೊರವನು ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪವೆಂದು ಕೆತ್ತಿಸಿದರು. ಒಂದು ಸಾಮ್ರಾಜ್ಯದ ಗೆಲವೂ ಒಂದು ನಾಯಿಯ ಮರಣವೂ ಒಂದೇ ಬಂಡೆಯಲ್ಲಿ, ಒಂದೇ ಕನ್ನಡದಲ್ಲಿ, ಒಂದಕ್ಕೊಂದು ಸಂಕೋಚಪಡದೆ ನಿಂತಿವೆ. ಕಾವಲುಗಾರನು ಬಂದು, ಬಾಗಿಲು ಹಾಕುವ ಹೊತ್ತಾಯಿತೆಂದು ಎರಡು ಸಲ ಹೇಳಿದನು. ನಾನು ಅವನಿಗೂ ಈ ಕಥೆಯನ್ನು ಹೇಳಿದೆನು. ಅವನು ಪ್ರತಿದಿನವೂ ಆ ಕಲ್ಲಿನ ಮುಂದೆ ಓಡಾಡುವವನು. ಕೇಳಿದ ಮೇಲೆ ಬಗ್ಗಿ ನಾಯಿಯನ್ನು ಚೆನ್ನಾಗಿ ನೋಡಿ, “ನಮ್ಮೂರಲ್ಲೂ ಹಿಂಗೇ ಒಂದಿತ್ತು ಸಾರ್, ಹಂದಿಗೆ ಬಿಟ್ರೆ ಬಿಡ್ತಾನೇ ಇರ್ಲಿಲ್ಲ” ಎಂದನು.

ಹಿಂತಿರುಗುವ ರೈಲಿನಲ್ಲಿ ಯೋಚಿಸಿದುದು ಪಂಪನನ್ನು ಕುರಿತು. ‘ವಿಕ್ರಮಾರ್ಜುನವಿಜಯ’ವು ಮುಗಿದುದು 941ರಲ್ಲಿ, ಅದೇ ರಾಷ್ಟ್ರಕೂಟರ ಸಾಮಂತನಾದ ಅರಿಕೇಸರಿಯ ಆಸ್ಥಾನದಲ್ಲಿ, ಕಲ್ಲಿಗೂ ಕಾವ್ಯಕ್ಕೂ ಹತ್ತು ವರ್ಷಗಳ ಅಂತರವಿಲ್ಲ. ಪಂಪನ ಭಾರತದಲ್ಲಿ ಕೊನೆಗೆ ಪಟ್ಟವಾಗುವುದು ಅರ್ಜುನನಿಗೆ. ಮಹಾಪ್ರಸ್ಥಾನಕ್ಕೆ ಅಲ್ಲಿ ಎಡೆಯಿಲ್ಲ. ಆದಕಾರಣ ಆ ನಾಯಿಗೂ ಇಲ್ಲ. ನಮ್ಮ ಕವಿಗಳ ಬೇಟೆಯ ವರ್ಣನೆಗಳಲ್ಲಿ ನಾಯಿಗಳೇನೋ ಹಿಂಡುಹಿಂಡಾಗಿ ಬಂದು ಬೊಗಳಿ ಹೋಗುತ್ತವೆ, ಆದರೆ ಒಂದಕ್ಕಾದರೂ ಇದು ಇಂಥದು ಎಂಬ ಗುರುತಿಲ್ಲ. ಆಸ್ಥಾನದ ಮಹಾಕವಿ ಕೊಡದ ಹೆಸರನ್ನು ಆತಕೂರಿನ ಅಜ್ಞಾತ ಲಿಪಿಕಾರನು ಕೊಟ್ಟನು. ಪಂಪನ ಮೇಲಿನ ನನ್ನ ಭಕ್ತಿ ಇದರಿಂದ ತಗ್ಗಿತೆಂದಲ್ಲ. ಕನ್ನಡ ಭಾಷೆಯ ಚರಿತ್ರೆಯನ್ನು ಕಾವ್ಯದ ಓಲೆಗಳಿಂದಲೇ ಕಟ್ಟಬಾರದು, ಹೊಲದ ಬದುವಿನ ಕಲ್ಲುಗಳಲ್ಲಿ ಆಡಿದ ಮಾತು ಕೆಲವು ವೇಳೆ ಕಾವ್ಯಕ್ಕಿಂತ ಉದಾರವಾಗಿತ್ತೆಂದು ತರಗತಿಯಲ್ಲಿ ಹೇಳತೊಡಗಿದೆನು. ಹುಡುಗರಿಗೆ ನಾಯಿಯ ಕಥೆ ಮಾತ್ರ ನೆನಪಿನಲ್ಲಿ ಉಳಿಯುತ್ತಿದ್ದಿತು. ಪರೀಕ್ಷೆಯಲ್ಲಿ ತಕ್ಕೋಲದ ಕದನವನ್ನು ಕಾಳಿಯೇ ಗೆದ್ದಿತೆಂದು ಬರೆದವನೊಬ್ಬನಿಗೆ ನಾನು ಅರ್ಧ ಅಂಕ ಕೊಟ್ಟೆನು.

ಕಲ್ಲಿನ ಆ ಔದಾರ್ಯವು ಗ್ರಂಥಗಳಿಗೆ ಬರಬೇಕಾದರೆ ಕಾದಂಬರಿಯ ಕಾಲ ಬರಬೇಕಾಯಿತು. ಶಿವರಾಮ ಕಾರಂತರ ‘ಚೋಮನ ದುಡಿ’ ಹೊರಬಂದುದು 1933ರಲ್ಲಿ; ಹೊಲ ಮಾಡುವ ಹಂಬಲದಲ್ಲಿಯೇ ಬೆಂದುಹೋದ ಚೋಮನ ಗುಡಿಸಲಿನ ಮುಂದೆ ಬಾಡು ಎಂಬ ನಾಯಿಯಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರದು. ಅದರಲ್ಲಿ ಜೀತದಾಳು ಗುತ್ತಿಯ ಹಿಂದೆ ಮಲೆಯ ದಾರಿಗಳನ್ನೆಲ್ಲ ಸುತ್ತಿದ ಹುಲಿಯನು ಕೊನೆಗೆ ತುಂಬಿ ಹರಿಯುವ ತುಂಗೆಯ ಪಾಲಾಗುತ್ತಾನೆ. ಆ ಬೃಹತ್ಕಾದಂಬರಿಯ ಕಥಾಸಂವಿಧಾನವನ್ನು ಮರೆತವರೂ ಹುಲಿಯನನ್ನು ಮರೆಯುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಆ ಪುಟಗಳನ್ನು ತರಗತಿಯಲ್ಲಿ ಓದಲಾರದೆ, ಮನೆಯಲ್ಲಿ ಓದಿಕೊಳ್ಳಿ ಎಂದು ಹೇಳಿ ಹೊರಗೆ ಬಂದುಬಿಟ್ಟಿದ್ದರು. ಚೋಮನೂ ಗುತ್ತಿಯೂ ಹೊಲೆಯರು. ಅಮರಸಿಂಹನು ಯಾರನ್ನು ಯಾವ ಪ್ರಾಣಿಯೊಡನೆ ಒಂದೇ ಮೂಲೆಗೆ ತಳ್ಳಿದ್ದನೋ, ನಮ್ಮ ಅಜ್ಜಿಯು ಯಾರಿಗೂ ಯಾವುದಕ್ಕೂ ಮೊಳಕೈಯೆತ್ತರದಿಂದಲೇ ಅನ್ನ ಬೀಳಿಸುತ್ತಿದ್ದಳೋ, ಅವರು ಕನ್ನಡ ಕಾದಂಬರಿಯ ನಡುಮನೆಗೆ ಬಂದಾಗ ತಮ್ಮ ನಾಯಿಯನ್ನು ಹೊರಗೆ ಬಿಟ್ಟು ಬರಲಿಲ್ಲ. ಇದನ್ನು ನಾನು ಒಂದು ಸಾಹಿತ್ಯಸಭೆಯಲ್ಲಿ ಹೇಳಿದಾಗ ಅಧ್ಯಕ್ಷರು, ವಿಷಯಾಂತರವಾಯಿತೆಂದು ಗಂಟೆ ಬಾರಿಸಿದರು.

ಅಚ್ಚುಕೂಟವು ಮುಚ್ಚಿತು. ಆಫ್‌ಸೆಟ್ ಯಂತ್ರಗಳು ಬಂದ ಮೇಲೆ ಮೊಳೆಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ಸೀಸದ ತೂಕಕ್ಕೆ ಮಾರಿದರು. ಅಷ್ಟರೊಳಗೆ ನಮ್ಮ ಅರ್ಕಾವೊತ್ತು ವಯಸ್ಸಾಗಿ ತೀರಿಕೊಂಡು ಬಹಳ ಕಾಲವಾಗಿದ್ದಿತು. ಹಿರಿಯ ಜೋಡಣೆಗಾರನು ಅದರ ಹೆಸರಿನ ಒಂದು ಮೊಳೆಯನ್ನು ಜೇಬಿನಲ್ಲಿ ಇರಿಸಿಕೊಂಡು ಹೋದನೆಂದು ಕೇಳಿದೆನು.

ನಿವೃತ್ತನಾದ ಮೇಲೆ ನಾನು ಮಗಳೊಡನೆ ಬೆಂಗಳೂರಿನಲ್ಲಿದ್ದೇನೆ. ಇಲ್ಲಿ ನನಗೆ ಪರಮಾಶ್ಚರ್ಯವನ್ನು ಉಂಟುಮಾಡಿದ ಸಂಗತಿಯೆಂದರೆ, ಕನ್ನಡದ ಮನೆಗಳಲ್ಲಿ ಶಿಶುವಿಹಾರಕ್ಕೆ ಹೋಗುವ ಮಗುವಿಗಿಂತಲೂ ಮೊದಲು ಇಂಗ್ಲಿಷು ಕಲಿಯುವುದು ನಾಯಿ. ಗಂಡಹೆಂಡಿರು ಕನ್ನಡದಲ್ಲಿ ಜಗಳವಾಡುತ್ತಾರೆ, ತರಕಾರಿಯವನೊಡನೆ ತಮಿಳಿನಲ್ಲೋ ತೆಲುಗಿನಲ್ಲೋ ಚೌಕಾಸಿ ಮಾಡುತ್ತಾರೆ, ನಾಯಿಯ ಕಡೆಗೆ ತಿರುಗಿದೊಡನೆ ‘ಸಿಟ್’, ‘ಕಮ್’, ‘ಗುಡ್ ಬಾಯ್’ ಎನ್ನುತ್ತಾರೆ. ಬೀದಿಯ ನಾಯಿಗೆ ಮಾತ್ರ ಇನ್ನೂ ‘ಹಚಾ’ ಎಂಬ ನಮ್ಮ ಪ್ರಾಚೀನ ಅವ್ಯಯವೇ ಗತಿ. ಹಳ್ಳಿಗಳಲ್ಲಿಯೂ ಟೈಗರ್, ಟಾಮಿ, ಜಿಮ್ಮಿಗಳು ನೆಲಸಿ ಎರಡು ತಲೆಮಾರಾಯಿತು. ಕಳೆದ ದೀಪಾವಳಿಯ ಹೊತ್ತಿಗೆ ಮೊಮ್ಮಗನು ಒಂದು ಮರಿಯನ್ನು ತಂದಾಗ, ಮನೆಯ ಹಿರಿಯನೆಂಬ ಅಧಿಕಾರದಿಂದ ನಾನು ಕಾಳಿ ಎಂಬ ಹೆಸರನ್ನು ಸೂಚಿಸಿ, ಅದರ ಹಿನ್ನೆಲೆಯನ್ನು ಕ್ರಿ. ಶ. 949ರಿಂದ ಆರಂಭಿಸಿ ವಿವರಿಸಿದೆನು. ಎಲ್ಲರೂ ಗೌರವದಿಂದ ಕೇಳಿದರು. ಬೀದಿಯಲ್ಲಿ ನಿಂತು ಹಾಗೆ ಕೂಗಿದರೆ ನೆರೆಯವರು ದೇವಿಯನ್ನು ಅವಮಾನಿಸಿದೆವೆಂದು ತಪ್ಪು ತಿಳಿಯಬಹುದೆಂದು ಅಳಿಯಂದಿರು ಹೇಳಿದರು. ಮರಿ ಬಿಳಿಯದಲ್ಲವೇ ಎಂದಳು ಮಗಳು. ಬ್ರೂನೋ ಎಂದು ತಾನು ಆಗಲೇ ಸ್ನೇಹಿತರಿಗೆಲ್ಲ ಹೇಳಿಯಾಗಿದೆಯೆಂದನು ಮೊಮ್ಮಗ. ನನ್ನ ಸೂಚನೆ ಬಹುಮತದಿಂದ ಬಿದ್ದುಹೋಯಿತು. ಅವರೆಲ್ಲ ಕೆಲಸಕ್ಕೂ ಶಾಲೆಗೂ ಹೊರಟುಹೋದ ಮೇಲೆ ನಾನು ಸಂಗ್ರಹಾಲಯದ ಕಲ್ಲನ್ನು ನೆನೆದು ಅದನ್ನು ಕಾಳಿ ಎಂದೇ ಕರೆದು ನೋಡುತ್ತೇನೆ. ಕಾಳಿ ಎಂದರೆ ಒಂದು ಕಣ್ಣನ್ನು ತೆರೆಯುತ್ತದೆ. ಬ್ರೂನೋ ಎಂದರೂ ಅದೇ ಕಣ್ಣನ್ನೇ ತೆರೆಯುತ್ತದೆ. ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಸದ್ದು ಕೇಳಿದರೆ ಮಾತ್ರ ಎದ್ದು ಬರುತ್ತದೆ.